ಕಬ್ಬಿನ ಹೊರೆ ಎಳೆಯುವಾಗ ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಕಾಯದಂತೆ ನೋಡಿಕೊಳ್ಳುವ ಬಗೆ

ಖಾನಾಪುರ ತಾಲೂಕಿನ ಪಡುವಣ ಭಾಗ ಘಟ್ಟದ ಮಳೆನಾಡು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ಖಾನಾಪುರವನ್ನು ದಾಟಿ ಎಂ.ಕೆ. ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಪಾರಿಶ್ವಾಡ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕಬ್ಬು ಮುಖ್ಯ ಬೆಳೆಗಳಲ್ಲೊಂದು. ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಹೊಲದಿಂದ ಕಾರ್ಖಾನೆಯವರೆಗೆ ಟ್ರ್ಯಾಕ್ಟರುಗಳಿಗೆ ಬಿಡುವೆಂಬುದಿಲ್ಲ. ಕಡಿದ ಕಬ್ಬು ಹೊಲದಲ್ಲಿ ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಗ್ಗುತ್ತದೆ. ಆದುದರಿಂದ ಕಡಿದ 24 ಗಂಟೆಗಳೊಳಗೆ ಕಬ್ಬು ಗಾಣ ಸೇರುವುದು ಉತ್ತಮವೆಂದು ರೈತರಿಗೆ ಸಲಹೆ ಮಾಡಲಾಗುತ್ತದೆ. ಇಂತಹ ವೇಳೆಯಲ್ಲಿ ಹೊರೆ ತುಂಬಿದ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಕೆಟ್ಟು ದಾರಿಯಲ್ಲಿ ನಿಂತರೆ ರಿಪೇರಿಯ ಖರ್ಚಿನ ಜೊತೆಗೆ ಬೆಳೆಯ ತೂಕ, ಕಡಿಯುವ ಗ್ಯಾಂಗಿನ ಕೂಲಿ ಮತ್ತು ಕಾರ್ಖಾನೆಯ ಸರದಿ ಎಲ್ಲವೂ ಕೈತಪ್ಪುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವ ಟ್ರ್ಯಾಕ್ಟರುಗಳನ್ನು ರೈತರು ಹೆಚ್ಚಾಗಿ ಕೊಳ್ಳುತ್ತಿದ್ದಾರೆ. ಎರೆಮಣ್ಣಿನ ಹಸಿ ಹೊಲದಿಂದ ತುಂಬಿದ ಟ್ರಾಲಿಯನ್ನು ಹೊರಗೆ ಎಳೆಯಲು ಇವು ಬಹಳ ಅನುಕೂಲ. ಆದರೆ ಹೊಲದಲ್ಲಿ ಉಪಕಾರಿಯಾದ ಈ ಏರ್ಪಾಡು ಡಾಂಬರು ರಸ್ತೆಯಲ್ಲಿ ಗೇರ್‌ಬಾಕ್ಸನ್ನು ಕಾಯಿಸುವ ಕಾರಣವೂ ಆಗಬಲ್ಲದು. ಗೇರ್‌ಬಾಕ್ಸಿನಲ್ಲಿ ಹುಟ್ಟುವ ಅನಾವಶ್ಯಕ ಶಾಖದ ಬಹುಪಾಲನ್ನು ಹೆಚ್ಚಿನ ಖರ್ಚಿಲ್ಲದೆ ತಡೆಯಬಹುದು. ಇದಕ್ಕೆ ಬೇಕಾದುದು ಹೊರೆಯ ಲೆಕ್ಕ, ತಕ್ಕ ಗೇರು, ಸರಿಯಾದ ಎಣ್ಣೆ, ಹಾಗೂ ಮುಂದಿನ ಗಾಲಿಗಳ ಚಾಲನೆಯನ್ನು ಯಾವಾಗ ಬಿಡಿಸಬೇಕೆಂಬ ತಿಳಿವಳಿಕೆ. ಈ ವಿಷಯಗಳನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಶಾಖ ಹುಟ್ಟುವ ಸ್ಥಳಗಳು

ಎಂಜಿನಿನಲ್ಲಿ ಹುಟ್ಟಿದ ಶಕ್ತಿ ಕ್ಲಚ್ಚಿನ ಮೂಲಕ ಗೇರ್‌ಬಾಕ್ಸಿಗೆ, ಅಲ್ಲಿಂದ ಹಿಂದಿನ ಡಿಫರೆನ್ಷಿಯಲ್ಲಿಗೆ ಮತ್ತು ಗಾಲಿಗಳಿಗೆ ಹೋಗುತ್ತದೆ. ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರಿನಲ್ಲಿ ಗೇರ್‌ಬಾಕ್ಸಿನ ಕೆಳಭಾಗದಲ್ಲಿ ಇನ್ನೊಂದು ಚಿಕ್ಕ ಗೇರುಗಳ ಜೋಡಣೆ ಇರುತ್ತದೆ. ಇದನ್ನು ಮೆಕ್ಯಾನಿಕ್‌ಗಳು ಡ್ರಾಪ್ ಬಾಕ್ಸ್ ಎನ್ನುತ್ತಾರೆ. ಇದು ಶಕ್ತಿಯ ಒಂದು ಪಾಲನ್ನು ಉದ್ದನೆಯ ಶಾಫ್ಟಿನ ಮೂಲಕ ಮುಂದಿನ ಅಚ್ಚಿಗೆ ಒಯ್ಯುತ್ತದೆ. ಜೀಪು ಮತ್ತು ಪಿಕಪ್ ವಾಹನಗಳಲ್ಲಿ ಇದೇ ಕೆಲಸ ಮಾಡುವ ಭಾಗಕ್ಕೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು.

ಈ ದಾರಿಯಲ್ಲಿ ಶಾಖ ನಾಲ್ಕು ವಿಧವಾಗಿ ಹುಟ್ಟುತ್ತದೆ.

1. ಗೇರಿನ ಹಲ್ಲುಗಳು ಒಂದರ ಮೇಲೊಂದು ಉಜ್ಜುವುದರಿಂದ ಮತ್ತು ಬೇರಿಂಗುಗಳ ತಿಕ್ಕಾಟದಿಂದ. ಒಂದೊಂದು ಜೋಡಿ ಗೇರಿನಲ್ಲಿ ನೂರಕ್ಕೆ ಒಂದೆರಡು ಪಾಲು ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಅನೇಕ ಜೋಡಿಗಳನ್ನು ದಾಟಿ ಗಾಲಿ ಮುಟ್ಟುವ ಹೊತ್ತಿಗೆ ಒಟ್ಟು ನಷ್ಟ ನೂರಕ್ಕೆ ಸುಮಾರು ಹತ್ತು ಪಾಲಿನಷ್ಟಾಗುತ್ತದೆ.

2. ಗೇರುಗಳು ಎಣ್ಣೆಯನ್ನು ಕಡೆಯುವುದರಿಂದ. ಎಣ್ಣೆ ಮಟ್ಟಕ್ಕಿಂತ ಹೆಚ್ಚಿದ್ದರೆ ಈ ಶಾಖವೂ ಹೆಚ್ಚು.

3. ಗಟ್ಟಿ ರಸ್ತೆಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದಕ್ಕೊಂದು ಎದುರಾಗಿ ಎಳೆದಾಡುವುದರಿಂದ.

4. ಬ್ರೇಕಿನಿಂದ. ಈಗಿನ ಬಹಳಷ್ಟು ಟ್ರ್ಯಾಕ್ಟರುಗಳ ಬ್ರೇಕುಗಳು ಎಣ್ಣೆಯಲ್ಲಿ ಮುಳುಗಿರುವಂಥವು. ಅನೇಕ ಮಾದರಿಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಅಚ್ಚು, ಹೈಡ್ರಾಲಿಕ್ ಮತ್ತು ಬ್ರೇಕುಗಳಿಗೆ ಎಣ್ಣೆ ಒಂದೇ. ಹೀಗಾಗಿ ಬ್ರೇಕಿನ ಬಿಸಿಯೂ ಗೇರ್ ಎಣ್ಣೆಗೇ ಸೇರುತ್ತದೆ.

ಹುಟ್ಟಿದ ಶಾಖ ಹೊರಗೆ ಹೋಗಲು ಇರುವ ದಾರಿ ಹೆಚ್ಚಾಗಿ ಒಂದೇ: ಬೀಡು ಕಬ್ಬಿಣದ ಹೊರಕವಚದಿಂದ ಗಾಳಿಗೆ. ಎಂಜಿನಿಗೆ ಇರುವಂತೆ ರೇಡಿಯೇಟರಿನ ಅನುಕೂಲ ಗೇರ್‌ಬಾಕ್ಸಿಗೆ ಎಲ್ಲ ಮಾದರಿಗಳಲ್ಲಿ ಇರುವುದಿಲ್ಲ. ಇದಲ್ಲದೆ ರೇಡಿಯೇಟರಿನ ಫ್ಯಾನು ಹಿಂದಕ್ಕೆ ನೂಕುವ ಬಿಸಿ ಗಾಳಿಯೇ ಗೇರ್‌ಬಾಕ್ಸಿನ ಮೇಲೆ ಹಾಯ್ದು ಹೋಗುತ್ತದೆ. ನಿಧಾನವಾಗಿ ಹೋಗುವ ಟ್ರ್ಯಾಕ್ಟರಿಗೆ ಎದುರುಗಾಳಿಯ ತಂಪೂ ಸಿಗದು.

ಹೆಚ್ಚು ಬಿಸಿಯಿಂದ ಆಗುವ ಕೇಡು

ಗೇರ್ ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ. ಸಾಮಾನ್ಯವಾದ 90ನೇ ನಂಬರಿನ ಗೇರ್ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವ ಮಂದತೆಯ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ 100 ಡಿಗ್ರಿಯಲ್ಲಿ ಉಳಿಸಿಕೊಳ್ಳುತ್ತದೆ. ಹಲ್ಲುಗಳ ನಡುವೆ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುವ ಎಣ್ಣೆಯ ಪೊರೆ ಅಷ್ಟರಮಟ್ಟಿಗೆ ತೆಳ್ಳಗಾಗುತ್ತದೆ. ಪೊರೆ ಹರಿದರೆ ಹಲ್ಲಿನ ಮೇಲ್ಮೈ ಕಿತ್ತು ಬರುತ್ತದೆ. ಬೇರಿಂಗುಗಳು ಸದ್ದು ಮಾಡತೊಡಗುತ್ತವೆ.

ಎರಡನೆಯದಾಗಿ ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಬೇಗ ಹಳಸುತ್ತದೆ. ಬಿಸಿ ಮೇಲಿನ ಮಟ್ಟ ಮುಟ್ಟಿದ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಖನಿಜ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ಬಳಸುವ ಸ್ಥೂಲ ಲೆಕ್ಕ. ಒಂದು ಸಾವಿರ ಗಂಟೆ ಬರಬೇಕಾದ ಎಣ್ಣೆ 20 ಡಿಗ್ರಿ ಹೆಚ್ಚು ಬಿಸಿಯಲ್ಲಿ ದುಡಿದರೆ ಇನ್ನೂರೈವತ್ತು ಗಂಟೆಗೇ ಕೆಲಸಕ್ಕೆ ಬಾರದಂತಾಗಬಹುದು.

ಮೂರನೆಯದಾಗಿ ಶಾಫ್ಟುಗಳ ಕೊನೆಯಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು ಅತಿ ಬಿಸಿಯಿಂದ ಬಿರುಸಾಗಿ ಸೀಳುತ್ತವೆ. ಆಗ ಎಣ್ಣೆ ಸೋರುತ್ತದೆ. ಎಣ್ಣೆ ಕಡಿಮೆಯಾದರೆ ಉಳಿದ ಎಣ್ಣೆ ಮತ್ತಷ್ಟು ಕಾಯುತ್ತದೆ. ಒಂದು ಕೇಡು ಇನ್ನೊಂದನ್ನು ಕರೆಯುತ್ತದೆ.

ದುಡಿಯುವ ಗೇರ್‌ಬಾಕ್ಸ್ ಬಿಸಿಯಾಗುವುದು ಸಹಜ. ಎಣ್ಣೆಯ ಉಷ್ಣತೆ 80ರಿಂದ 90 ಡಿಗ್ರಿಯವರೆಗೆ ಇದ್ದರೆ ಗಾಬರಿಪಡಬೇಕಾಗಿಲ್ಲ. 110 ಡಿಗ್ರಿ ದಾಟುವುದು ಅಪಾಯದ ಸೂಚನೆ.

ಹೊರೆಯ ಲೆಕ್ಕ

ಟ್ರ್ಯಾಕ್ಟರಿಗೆ ಬೇಕಾಗುವ ಶಕ್ತಿಯನ್ನು ಒಂದು ಸುಲಭ ಸೂತ್ರದಿಂದ ತಿಳಿಯಬಹುದು:

ಅಶ್ವಶಕ್ತಿ = ಎಳೆತ (ಕಿ.ಗ್ರಾಂ) × ವೇಗ (ಗಂಟೆಗೆ ಕಿ.ಮೀ.) ÷ 270

ಉದಾಹರಣೆಗೆ ಟ್ರ್ಯಾಕ್ಟರಿನ ತೂಕ 2 ಟನ್, ಬರಿದಾದ ಟ್ರಾಲಿಯದು 2 ಟನ್ ಮತ್ತು ಕಬ್ಬು 8 ಟನ್ ಎಂದಿಟ್ಟುಕೊಳ್ಳೋಣ. ಒಟ್ಟು 12 ಟನ್. ಗಾಲಿಗಳು ಉರುಳುವಾಗ ನೆಲ ಒಡ್ಡುವ ತಡೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ತೂಕದ ನೂರಕ್ಕೆ ಸುಮಾರು 2 ಪಾಲು. ಹಸಿ ಎರೆಮಣ್ಣಿನಲ್ಲಿ ಅದು ನೂರಕ್ಕೆ 12 ಅಥವಾ ಅದಕ್ಕಿಂತಲೂ ಹೆಚ್ಚು. ಏರು ಬಂದಾಗ ಏರಿನ ಪ್ರಮಾಣದಷ್ಟು ಎಳೆತವನ್ನು ಇದಕ್ಕೆ ಕೂಡಿಸಬೇಕು. 20 ಮೀಟರಿಗೆ 1 ಮೀಟರ್ ಏರಿದ್ದರೆ ಅದು ತೂಕದ ನೂರಕ್ಕೆ 5 ಪಾಲು.

ಸಮತಟ್ಟಾದ ಡಾಂಬರು ರಸ್ತೆ: ಎಳೆತ 240 ಕಿ.ಗ್ರಾಂ. ಗಂಟೆಗೆ 20 ಕಿ.ಮೀ. ವೇಗಕ್ಕೆ ಸುಮಾರು 18 ಅಶ್ವಶಕ್ತಿ.

ಡಾಂಬರು ರಸ್ತೆಯಲ್ಲಿ 20ಕ್ಕೆ 1ರ ಏರು: ಎಳೆತ 840 ಕಿ.ಗ್ರಾಂ. ಗಂಟೆಗೆ 10 ಕಿ.ಮೀ. ವೇಗಕ್ಕೆ ಸುಮಾರು 31 ಅಶ್ವಶಕ್ತಿ.

ಹಸಿ ಎರೆಮಣ್ಣಿನ ಹೊಲ: ಎಳೆತ 1440 ಕಿ.ಗ್ರಾಂ. ಗಂಟೆಗೆ 5 ಕಿ.ಮೀ. ವೇಗಕ್ಕೆ ಸುಮಾರು 27 ಅಶ್ವಶಕ್ತಿ.

ಏರಿನಲ್ಲಿ ಬೇಕಾದ 31 ಅಶ್ವಶಕ್ತಿಯಲ್ಲಿ ಹತ್ತನೆಯ ಒಂದು ಪಾಲು ಶಾಖವಾದರೆ ಅದು ಮೂರು ಅಶ್ವಶಕ್ತಿ, ಅಂದರೆ ಎರಡು ಕಿಲೋವಾಟಿಗಿಂತ ತುಸು ಹೆಚ್ಚು. ಒಂದೊಂದು ಕಿಲೋವಾಟಿನ ಎರಡು ನೀರು ಕಾಯಿಸುವ ಕಾಯಿಲುಗಳನ್ನು ಗೇರ್‌ಬಾಕ್ಸಿನಲ್ಲಿ ಮುಳುಗಿಸಿಟ್ಟಂತೆ! ಆದರೂ ಇದು ಚಾಲಕನ ಗಮನಕ್ಕೆ ಕೂಡಲೆ ಬರುವುದಿಲ್ಲ. ಕಾರಣ ಇಷ್ಟೇ: ಕವಚ ಮತ್ತು ಗೇರುಗಳ ಕಬ್ಬಿಣ ಸುಮಾರು 400 ಕಿ.ಗ್ರಾಂ, ಎಣ್ಣೆ ಸುಮಾರು 40 ಲೀಟರ್ ಇದ್ದರೆ ಇಷ್ಟು ಶಾಖ ಅವನ್ನು ಗಂಟೆಗೆ 30 ಡಿಗ್ರಿಯಷ್ಟು ಮಾತ್ರ ಏರಿಸಬಲ್ಲದು. ಅದರಲ್ಲಿಯೂ ಒಂದು ಪಾಲು ಗಾಳಿಗೆ ಹೋಗುತ್ತದೆ. ಹೀಗೆ ಬಿಸಿ ನಿಧಾನವಾಗಿ ಏರುತ್ತದೆ, ನಿಧಾನವಾಗಿಯೇ ಇಳಿಯುತ್ತದೆ. ಬೆಳಗಿನ ಮೊದಲ ಖೇಪಿನಲ್ಲಿ ಏನೂ ತೋರದ ದೋಷ ಮಧ್ಯಾಹ್ನದ ಮೂರನೆಯ ಖೇಪಿನಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಒಂದು ಟ್ರಾಲಿಯ ಬದಲು ಎರಡನ್ನು ಕಟ್ಟಿದರೆ ಎಳೆತ ಬಹುಮಟ್ಟಿಗೆ ಇಮ್ಮಡಿಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಇದನ್ನು ಎಳೆದುಬಿಡಬಹುದು. ಆದರೆ ಎಂಜಿನ್ ಎಳೆಯುತ್ತದೆಂಬ ಮಾತ್ರಕ್ಕೆ ಗೇರು, ಬೇರಿಂಗು, ಬ್ರೇಕುಗಳು ತಾಳುತ್ತವೆಂದು ತಿಳಿಯಬಾರದು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿಗಳನ್ನು ಹೊರಡಿಸುತ್ತದೆ. ಟ್ರ್ಯಾಕ್ಟರ್ ಕೊಳ್ಳುವಾಗ ವಿತರಕರಿಂದ ಇಂತಹ ವರದಿಯನ್ನು ಕೇಳಿ ಎಳೆಯುವ ಸಾಮರ್ಥ್ಯವನ್ನು ತಿಳಿದುಕೊಳ್ಳಬೇಕು. ನೋಂದಣಿ ಪುಸ್ತಕದಲ್ಲಿ ಕೊಟ್ಟಿರುವ ಹೊರೆಯನ್ನು ಮೀರಬಾರದು.

ಮುಂದಿನ ಗಾಲಿಗಳ ಚಾಲನೆ: ಎಲ್ಲಿ ಬೇಕು, ಎಲ್ಲಿ ಬೇಡ

ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಚಿಕ್ಕವು. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ಹೆಚ್ಚು ದೂರ ಉರುಳಲು ಯತ್ನಿಸುವಂತೆ ತಯಾರಕರು ಗೇರುಗಳ ಅನುಪಾತವನ್ನು ಇಟ್ಟಿರುತ್ತಾರೆ. ಈ ಮುನ್ನಡೆ ಸಾಮಾನ್ಯವಾಗಿ ನೂರಕ್ಕೆ 1ರಿಂದ 5ರವರೆಗೆ ಇರುತ್ತದೆ. ಮೆತ್ತನೆಯ ಹೊಲದಲ್ಲಿ ಮುಂದಿನ ಗಾಲಿಗಳು ಟ್ರ್ಯಾಕ್ಟರನ್ನು ಮುಂದಕ್ಕೆ ಎಳೆಯಲು ಇದು ಬೇಕು. ಅಲ್ಲಿ ಗಾಲಿಗಳು ಸ್ವಲ್ಪ ಜಾರುವುದರಿಂದ ವ್ಯತ್ಯಾಸ ತಾನಾಗಿಯೇ ಸರಿಹೋಗುತ್ತದೆ.

ಡಾಂಬರು ರಸ್ತೆಯಲ್ಲಿ ಗಾಲಿಗಳು ಸುಲಭವಾಗಿ ಜಾರವು. ಮುನ್ನಡೆ ನೂರಕ್ಕೆ 3 ಇದ್ದರೆ ಒಂದು ಕಿ.ಮೀ. ದೂರದಲ್ಲಿ ಮುಂದಿನ ಗಾಲಿಗಳು 30 ಮೀಟರ್ ಹೆಚ್ಚು ಉರುಳಲು ಯತ್ನಿಸುತ್ತವೆ, 10 ಕಿ.ಮೀ. ದಾರಿಯಲ್ಲಿ 300 ಮೀಟರ್. ಈ 300 ಮೀಟರಿನಷ್ಟು ಟೈರುಗಳು ರಸ್ತೆಯ ಮೇಲೆ ಉಜ್ಜಲೇಬೇಕು. ಹಾಗೆ ಉಜ್ಜುವವರೆಗೂ ಮುಂದಿನ ಶಾಫ್ಟು, ಡ್ರಾಪ್ ಬಾಕ್ಸಿನ ಗೇರುಗಳು ಮತ್ತು ಬೇರಿಂಗುಗಳು ಹಗ್ಗ ಹುರಿಗೊಂಡಂತೆ ಬಿಗಿದುಕೊಳ್ಳುತ್ತವೆ. ಹೊರೆ ಎಳೆಯಲು ಉಪಯೋಗವಾಗದ ಶಕ್ತಿ ಹೀಗೆ ಶಾಖವಾಗುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ, ಮುಂದಿನ ಟೈರುಗಳು ಬೇಗ ಸವೆಯುತ್ತವೆ.

ಆದುದರಿಂದ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

ಅ) ಹೊಲದಲ್ಲಿ, ಕೆಸರಿನ ಬಂಡಿ ದಾರಿಯಲ್ಲಿ, ಹಳ್ಳದ ಮೆತ್ತನೆಯ ಏರಿನಲ್ಲಿ ಮುಂದಿನ ಚಾಲನೆಯನ್ನು ತೊಡಗಿಸಬೇಕು.

ಆ) ಗಟ್ಟಿ ರಸ್ತೆ ಸೇರಿದ ಕೂಡಲೇ ಬಿಡಿಸಬೇಕು. ಲಿವರ್ ಬಿಗಿಯಾಗಿದ್ದು ಬರದಿದ್ದರೆ ಬಲವಂತ ಮಾಡಬಾರದು. ಶಾಫ್ಟು ಹುರಿಗೊಂಡಿರುವುದೇ ಇದಕ್ಕೆ ಕಾರಣ. ಸ್ಟೀರಿಂಗ್ ನೇರವಾಗಿಟ್ಟು ಒಂದೆರಡು ಮೀಟರ್ ಹಿಂದಕ್ಕೆ ಸರಿಸಿದರೆ ಬಿಗಿ ಸಡಿಲಿ ಲಿವರ್ ಸುಲಭವಾಗಿ ಬರುತ್ತದೆ. ಟ್ರಾಲಿ ಕಟ್ಟಿದ್ದರೆ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡೇ ಹೀಗೆ ಮಾಡಬೇಕು.

ಇ) ಕಡಿದಾದ ಇಳಿಜಾರಿನಲ್ಲಿ ಭಾರದ ಹೊರೆಯೊಡನೆ ಇಳಿಯುವಾಗ ಮುಂದಿನ ಗಾಲಿಗಳಿಂದಲೂ ತಡೆ ಸಿಗಲೆಂದು ಕೆಲವು ತಯಾರಕರು ಮುಂದಿನ ಚಾಲನೆಯನ್ನು ತೊಡಗಿಸಲು ಸೂಚಿಸುತ್ತಾರೆ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹಾಗಿದ್ದರೆ ಅದನ್ನು ಪಾಲಿಸಬೇಕು. ಪ್ರಾಣರಕ್ಷಣೆಯ ಮುಂದೆ ಟೈರಿನ ಸವೆತ ದೊಡ್ಡದಲ್ಲ. ಇಳಿಜಾರು ಮುಗಿದ ಮೇಲೆ ಮರೆಯದೆ ಬಿಡಿಸಬೇಕು.

ಈ) ಡಿಫರೆನ್ಷಿಯಲ್ ಲಾಕನ್ನು ಗಾಲಿ ಹೂತಾಗ ಮಾತ್ರ, ನೇರ ಹೋಗುವಾಗ ಮಾತ್ರ ಬಳಸಬೇಕು. ರಸ್ತೆಯ ಮೇಲೆ ಅಥವಾ ತಿರುವಿನಲ್ಲಿ ಅದು ತೊಡಗಿಕೊಂಡಿರಬಾರದು.

ಟೈರುಗಳ ಆಯ್ಕೆಯೂ ಇದಕ್ಕೆ ಸಂಬಂಧಿಸಿದೆ. ಮುಂದಿನ ಟೈರು ಸವೆಯಿತೆಂದು ಬೇರೆ ಅಳತೆಯ ಟೈರು ಹಾಕಿದರೆ ಮೇಲೆ ಹೇಳಿದ ಮುನ್ನಡೆ ಕೆಡುತ್ತದೆ. ಗಾಳಿಯ ಒತ್ತಡದಲ್ಲಿ ಏರುಪೇರಾದರೂ ಹಾಗೆಯೇ. ಮುನ್ನಡೆಯನ್ನು ರೈತರೇ ಪರೀಕ್ಷಿಸಬಹುದು. ಟ್ರಾಲಿ ಬಿಚ್ಚಿ, ಹಿಂದಿನ ಮತ್ತು ಮುಂದಿನ ಗಾಲಿಗಳಿಗೆ ಸುಣ್ಣದ ಗುರುತು ಹಾಕಿ, ನೇರವಾದ ಗಟ್ಟಿ ನೆಲದಲ್ಲಿ ನಿಧಾನವಾಗಿ ಓಡಿಸಬೇಕು. ಹಿಂದಿನ ಗಾಲಿ 10 ಸುತ್ತು ತಿರುಗುವಾಗ ಮುಂದಿನ ಗಾಲಿ ಎಷ್ಟು ಸುತ್ತು ತಿರುಗಿತೆಂದು ಜೊತೆಗೆ ನಡೆಯುವವರು ಎಣಿಸಬೇಕು. ಅವರು ಗಾಲಿಗಳಿಂದ ದೂರವಿದ್ದು ನಡೆಯಬೇಕು. ಒಮ್ಮೆ ಮುಂದಿನ ಚಾಲನೆ ತೊಡಗಿಸಿ, ಇನ್ನೊಮ್ಮೆ ಬಿಡಿಸಿ ಎಣಿಸಬೇಕು. ಮೊದಲ ಸಲ 13.5, ಎರಡನೆಯ ಸಲ 13.1 ಸುತ್ತು ಬಂದರೆ ಮುನ್ನಡೆ ನೂರಕ್ಕೆ 3. ಮೊದಲ ಸಂಖ್ಯೆ ಎರಡನೆಯದಕ್ಕಿಂತ ಕಡಿಮೆ ಬಂದರೆ, ಅಥವಾ ಮುನ್ನಡೆ 5ನ್ನು ಮೀರಿದರೆ, ಟೈರುಗಳ ಅಳತೆ ಮತ್ತು ಗಾಳಿಯನ್ನು ಸರಿಪಡಿಸಬೇಕು.

ಏರಿನಲ್ಲಿ ಮತ್ತು ಇಳಿಜಾರಿನಲ್ಲಿ ಗೇರು

ಏರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಮೇಲಿನ ಗೇರಿನಲ್ಲಿ ಎಂಜಿನ್ ಏದುತ್ತ ಏರುವಾಗ ಗೇರಿನ ಹಲ್ಲುಗಳ ಮೇಲೆ ಒತ್ತಡ ಹೆಚ್ಚು, ಎಣ್ಣೆ ಎರಚುವ ಸುತ್ತುಗಳು ಕಡಿಮೆ. ಅರ್ಧ ಏರಿನಲ್ಲಿ ಗೇರು ಬದಲಿಸಲು ಹೋಗಿ ಟ್ರ್ಯಾಕ್ಟರ್ ಹಿಂದಕ್ಕೆ ಜಾರಿದ ಅಪಘಾತಗಳುಂಟು. ಕ್ಲಚ್ಚಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಓಡಿಸುವುದು, ಅರ್ಧ ಕ್ಲಚ್ಚಿನಲ್ಲಿ ಹೊರೆಯನ್ನು ಹಿಡಿದು ನಿಲ್ಲಿಸುವುದು ಕ್ಲಚ್ಚನ್ನು ಸುಡುತ್ತದೆ.

ಇಳಿಯುವಾಗ, ಏರಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಇದರ ಮಹತ್ವ ಲೆಕ್ಕದಿಂದ ತಿಳಿಯುತ್ತದೆ. ಮೇಲಿನ ಉದಾಹರಣೆಯ 12 ಟನ್ ಹೊರೆಯನ್ನು 20ಕ್ಕೆ 1ರ ಇಳಿಜಾರು 600 ಕಿ.ಗ್ರಾಂ ಬಲದಿಂದ ಮುಂದಕ್ಕೆ ನೂಕುತ್ತದೆ. ರಸ್ತೆಯ ತಡೆ ಅದರಲ್ಲಿ 240 ಕಿ.ಗ್ರಾಂ ತೆಗೆದುಕೊಂಡರೆ ಉಳಿಯುವುದು 360. ಅದನ್ನು 600 ಮೀಟರ್ ದೂರ ಬ್ರೇಕೊಂದರಿಂದಲೇ ತಡೆದರೆ ಹುಟ್ಟುವ ಶಾಖ 40 ಲೀಟರ್ ಎಣ್ಣೆಯನ್ನು 30 ಡಿಗ್ರಿಯಷ್ಟು ಕಾಯಿಸಲು ಸಾಕು. ಕಬ್ಬಿಣವೂ ಒಂದು ಪಾಲು ಹೀರುವುದರಿಂದ ಎಣ್ಣೆ ಅಷ್ಟು ಏರದಿರಬಹುದು; ಆದರೆ ಬ್ರೇಕಿನ ತಟ್ಟೆಗಳು ಅದಕ್ಕಿಂತ ಹೆಚ್ಚು ಕಾಯುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಈ ಕೆಲಸದ ಬಹುಪಾಲನ್ನು ಎಂಜಿನೇ ಮಾಡುತ್ತದೆ, ಬಿಸಿ ಸೈಲೆನ್ಸರ್ ಮತ್ತು ರೇಡಿಯೇಟರಿನ ಮೂಲಕ ಹೊರಗೆ ಹೋಗುತ್ತದೆ.

ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಬ್ರೇಕ್ ಇಲ್ಲದ ಟ್ರಾಲಿ ಹಿಂದಿನಿಂದ ನೂಕಿದರೆ ಟ್ರ್ಯಾಕ್ಟರ್ ಅಡ್ಡಲಾಗಿ ಮಡಚಿಕೊಂಡು ಉರುಳುತ್ತದೆ. ಆ ಗಳಿಗೆಯಲ್ಲಿ ಗೇರು ಹಾಕಲು ಬರುವುದಿಲ್ಲ. ಉಳಿದ ಡೀಸೆಲಿಗಿಂತ ಕಳೆದುಕೊಳ್ಳುವ ಜೀವದ ಬೆಲೆ ದೊಡ್ಡದು.

ಎಣ್ಣೆಯ ಆಯ್ಕೆ ಮತ್ತು ಮಟ್ಟ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊರಡದ ರೈತ ಟ್ರ್ಯಾಕ್ಟರಿನ ಗೇರ್ ಎಣ್ಣೆಯನ್ನು ಮಾತ್ರ ವರ್ಷಗಟ್ಟಲೆ ನೋಡದಿರುವುದುಂಟು. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಎಣ್ಣೆಯ ಜಾತಿ: ಎಣ್ಣೆಯಲ್ಲಿ ಮುಳುಗಿದ ಬ್ರೇಕುಳ್ಳ ಟ್ರ್ಯಾಕ್ಟರಿಗೆ ತಯಾರಕರು ಸೂಚಿಸಿದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆಯನ್ನೇ ಹಾಕಬೇಕು. ಒಣ ಬ್ರೇಕಿನ ಹಳೆಯ ಮಾದರಿಗಳಿಗೆ ಬಳಸುತ್ತಿದ್ದ 90 ನಂಬರಿನ ಇ.ಪಿ. ಎಣ್ಣೆಯನ್ನು ಇದರಲ್ಲಿ ಹಾಕಿದರೆ ಬ್ರೇಕ್ ಹಿಡಿಯುವುದರಲ್ಲಿ ತೊಂದರೆಯಾಗಬಹುದು. ಮಂದವಾದ ಎಣ್ಣೆ ಹೆಚ್ಚು ರಕ್ಷಣೆ ಕೊಡುತ್ತದೆಂದು ಭಾವಿಸಬಾರದು. ಬೇಕಾದುದಕ್ಕಿಂತ ಮಂದವಾದ ಎಣ್ಣೆ ಕಡೆತದಿಂದಲೇ ಕಾಯುತ್ತದೆ. ಎರಡು ಜಾತಿಯ ಎಣ್ಣೆಗಳನ್ನು ಬೆರೆಸಬಾರದು.

2. ಮಟ್ಟ: ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹೈಡ್ರಾಲಿಕ್ ತೋಳುಗಳನ್ನು ಕೆಳಗಿಳಿಸಿ, 15 ನಿಮಿಷದ ನಂತರ ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಾದರೆ ಬೇರಿಂಗು ಒಣಗುತ್ತದೆ. ಹೆಚ್ಚಾದರೆ ಕಡೆದು ನೊರೆಯಾಗುತ್ತದೆ, ಸೀಲಿನ ಮೂಲಕ ಹೊರಬರುತ್ತದೆ.

3. ಮುಂದಿನ ಅಚ್ಚು: ಮುಂದಿನ ಡಿಫರೆನ್ಷಿಯಲ್ಲಿಗೂ ಎರಡು ಕಡೆಯ ಹಬ್ಬುಗಳಿಗೂ ಸಾಮಾನ್ಯವಾಗಿ ಬೇರೆ ಬೇರೆ ಎಣ್ಣೆಯ ಪ್ಲಗ್ಗುಗಳಿರುತ್ತವೆ. ಇವು ಮರೆತುಹೋಗುವುದೇ ಹೆಚ್ಚು. ಹಂಗಾಮಿಗೆ ಮೊದಲು ಎಲ್ಲವನ್ನೂ ಬಿಚ್ಚಿ ನೋಡಬೇಕು.

4. ಬದಲಾವಣೆ: ಅನೇಕ ಮಾದರಿಗಳಲ್ಲಿ ಸುಮಾರು 1000 ಗಂಟೆಗೊಮ್ಮೆ ಎಣ್ಣೆ ಬದಲಿಸಲು ಹೇಳಿರುತ್ತದೆ. ಹೊಸ ಟ್ರ್ಯಾಕ್ಟರಿನ ಮೊದಲ ಬದಲಾವಣೆ ಇದಕ್ಕಿಂತ ಬಹಳ ಬೇಗ. ಕೈಪಿಡಿಯ ಮಾತನ್ನೇ ಅನುಸರಿಸಬೇಕು. ಹಂಗಾಮು ಪೂರ್ತಿ ಹೊರೆ ಎಳೆದ ಟ್ರ್ಯಾಕ್ಟರಿನ ಎಣ್ಣೆಯನ್ನು ಅವಧಿಗೆ ಮೊದಲೇ ಪರೀಕ್ಷಿಸುವುದು ಲೇಸು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಹಳಸಿದೆಯೆಂದು ತಿಳಿಯಬೇಕು. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಕಬ್ಬಿಣದ ಪುಡಿ ಅಂಟಿರುವುದು ಸಹಜ. ಚೂರುಗಳು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಬೇಕು.

5. ಬ್ರೀದರ್: ಗೇರ್‌ಬಾಕ್ಸಿನ ಮೇಲೆ ಗಾಳಿಯಾಡುವ ಚಿಕ್ಕ ಮುಚ್ಚಳವಿರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಒಳಗೆ ಕಾಯ್ದು ಹಿಗ್ಗಿದ ಗಾಳಿ ಸೀಲುಗಳನ್ನು ತಳ್ಳಿ ಎಣ್ಣೆಯನ್ನು ಹೊರದೂಡುತ್ತದೆ. ವಾರಕ್ಕೊಮ್ಮೆ ಇದನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆಯಬೇಕು.

6. ನೀರು: ಬಿಸಿಯಾದ ಟ್ರ್ಯಾಕ್ಟರನ್ನು ಕೂಡಲೇ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ಅಂತಹ ಎಣ್ಣೆಯನ್ನು ತಡಮಾಡದೆ ಬದಲಿಸಬೇಕು. ಕೆಸರುಗದ್ದೆಯಲ್ಲಿ ದುಡಿದ ಟ್ರ್ಯಾಕ್ಟರುಗಳನ್ನು ಕಬ್ಬಿನ ಸಾಗಣೆಗೆ ಹಚ್ಚುವ ಮೊದಲು ಈ ಪರೀಕ್ಷೆ ಅಗತ್ಯ.

ಹೊರಮೈಯ ಸ್ವಚ್ಛತೆ

ಕವಚದ ಮೇಲೆ ಒಣಗಿದ ಎರೆಮಣ್ಣು ಕಂಬಳಿ ಹೊದಿಸಿದಂತೆ ಶಾಖವನ್ನು ಒಳಗೇ ಹಿಡಿಯುತ್ತದೆ. ಕಬ್ಬಿನ ರವದಿ ಗೇರ್‌ಬಾಕ್ಸಿನ ಮೇಲೆ, ಶಾಫ್ಟಿನ ಸುತ್ತ, ಸೈಲೆನ್ಸರಿನ ಬಳಿ ಸೇರಿಕೊಳ್ಳುತ್ತದೆ. ಸೋರಿದ ಎಣ್ಣೆಯೊಡನೆ ಸೇರಿದ ಒಣ ರವದಿ ಬೆಂಕಿಗೂ ಕಾರಣವಾಗಬಲ್ಲದು. ದಿನಕ್ಕೊಮ್ಮೆ ಇದನ್ನು ಕೆರೆದು ತೆಗೆಯಬೇಕು. ಎಣ್ಣೆ ತಣಿಸುವ ಕೂಲರ್ ಇರುವ ಮಾದರಿಗಳಲ್ಲಿ ಅದರ ರೆಕ್ಕೆಗಳ ನಡುವಿನ ಧೂಳನ್ನು ಗಾಳಿಯಿಂದ, ಎಂಜಿನಿನ ಕಡೆಯಿಂದ ಹೊರಮುಖವಾಗಿ ಊದಿ ತೆಗೆಯಬೇಕು.

ಜೀಪು ಮತ್ತು ಪಿಕಪ್ ವಾಹನಗಳು

ತರಕಾರಿ ತುಂಬಿ ಜಾಂಬೋಟಿ-ಚೋರ್ಲಾ ಘಟ್ಟದ ದಾರಿಯಲ್ಲಿ ಗೋವೆಗೆ ಇಳಿಯುವ, ಅಥವಾ ಚಿಕ್ಕ ಟ್ರಾಲಿ ಎಳೆಯುವ ನಾಲ್ಕು ಗಾಲಿ ಚಾಲನೆಯ ವಾಹನಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಲಿವರಿನಿಂದ ತೊಡಗಿಸುವ ಮಾದರಿಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಘಟ್ಟದ ತಿರುವುಗಳಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಒಣ ಡಾಂಬರಿನಲ್ಲಿ ನಾಲ್ಕು ಗಾಲಿ ಚಾಲನೆ ತೊಡಗಿಸಿದ್ದರೆ ಟ್ರಾನ್ಸ್‌ಫರ್ ಕೇಸ್ ಹುರಿಗೊಂಡು ಕಾಯುತ್ತದೆ. ಕೆಸರು ದಾಟಿದ ಕೂಡಲೆ ಎರಡು ಗಾಲಿ ಚಾಲನೆಗೆ ತರಬೇಕು.

ಕಡಿದಾದ ಮಣ್ಣಿನ ಏರಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಕೆಳ ಅನುಪಾತವನ್ನು ಬಳಸುವುದು ಒಳ್ಳೆಯದು. ಇದರಿಂದ ಕ್ಲಚ್ಚು ಮತ್ತು ಗೇರ್‌ಬಾಕ್ಸಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಐದು ಗೇರಿನ ಅನೇಕ ವಾಹನಗಳಲ್ಲಿ ನಾಲ್ಕನೆಯ ಗೇರು ನೇರವಾಗಿ ಶಕ್ತಿಯನ್ನು ಒಯ್ಯುತ್ತದೆ; ಐದನೆಯದರಲ್ಲಿ ಶಕ್ತಿ ಎರಡು ಜೋಡಿ ಗೇರುಗಳನ್ನು ದಾಟಬೇಕು. ಹೊರೆ ಎಳೆಯುವಾಗ ಅಂತಹ ವಾಹನಗಳಲ್ಲಿ ಐದನೆಯ ಗೇರನ್ನು ಬಳಸದಿರುವುದೇ ಮೇಲು. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಗೇರ್‌ಬಾಕ್ಸಿನ ಎಣ್ಣೆಯಂತೆಯೇ ಇರಬೇಕೆಂದೇನಿಲ್ಲ. ಸರಪಣಿ ಇರುವ ಮಾದರಿಗಳಿಗೆ ಹಲವು ತಯಾರಕರು ತೆಳುವಾದ ಎ.ಟಿ.ಎಫ್. ಎಣ್ಣೆಯನ್ನು ಸೂಚಿಸುತ್ತಾರೆ. ಕೆಟ್ಟು ನಿಂತ ವಾಹನವನ್ನು ಇನ್ನೊಂದಕ್ಕೆ ಕಟ್ಟಿ ಎಳೆಯುವಾಗ ಎಂಜಿನ್ ತಿರುಗದೆ ಗೇರ್‌ಬಾಕ್ಸಿನಲ್ಲಿ ಎಣ್ಣೆ ಎರಚದಿರಬಹುದು. ಅದರ ಲಿವರುಗಳನ್ನು ಹೇಗಿಡಬೇಕೆಂಬುದನ್ನು ಕೈಪಿಡಿ ನೋಡಿಯೇ ತೀರ್ಮಾನಿಸಬೇಕು.

ಬಿಸಿಯನ್ನು ಗುರುತಿಸುವುದು

ಕವಚದ ಮೇಲೆ ಕೈಯಿಟ್ಟು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಲಾಗದಿದ್ದರೆ ಅದು 60 ಡಿಗ್ರಿಯ ಆಸುಪಾಸು. ದುಡಿಯುವ ಗೇರ್‌ಬಾಕ್ಸಿಗೆ ಇದು ದೋಷವಲ್ಲ. ಇನ್ನೂ ಹೆಚ್ಚು ಬಿಸಿಯೆಂಬ ಸಂದೇಹವಿದ್ದರೆ ಕೈಯಿಡದೆ ಒಂದು ಹನಿ ನೀರು ಹಾಕಿ ನೋಡಬೇಕು. ಹನಿ ಚುರ್ರೆಂದು ಕುದಿದು ಹಾರಿದರೆ ಕವಚವೇ 100 ಡಿಗ್ರಿ ದಾಟಿದೆ. ಒಳಗಿನ ಎಣ್ಣೆ ಅದಕ್ಕಿಂತಲೂ ಬಿಸಿ. ದೂರದಿಂದಲೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಸಿಗುತ್ತದೆ. ಊರಿಗೊಂದು ಇದ್ದರೆ ಎಲ್ಲರಿಗೂ ಉಪಯೋಗವಾದೀತು. ಪ್ರತಿದಿನ ಒಂದೇ ಸ್ಥಳದಲ್ಲಿ ಅಳೆದು ಬರೆದಿಟ್ಟರೆ ಏರಿಳಿತ ತಿಳಿಯುತ್ತದೆ. ಬೇರಿಂಗಿನ ಒಂದು ಸ್ಥಳ ಮಾತ್ರ ಉಳಿದ ಕಡೆಗಿಂತ ಬಹಳ ಬಿಸಿಯಾಗಿದ್ದರೆ ಆ ಬೇರಿಂಗು ಕೆಡುತ್ತಿದೆಯೆಂದು ತಿಳಿಯಬೇಕು.

ಅತಿಯಾಗಿ ಕಾಯ್ದಾಗ ನೆರಳಿನಲ್ಲಿ ನಿಲ್ಲಿಸಿ, ಟ್ರಾಲಿಯ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್ಲಿನಲ್ಲಿ ಎಂಜಿನನ್ನು ಕೆಲವು ನಿಮಿಷ ನಿಧಾನವಾಗಿ ಓಡಿಸಬೇಕು. ಇದರಿಂದ ಎಣ್ಣೆ ಒಳಗೆ ತಿರುಗಾಡಿ ಬಿಸಿಯನ್ನು ಕವಚಕ್ಕೆ ಹಂಚುತ್ತದೆ. ಕಾಯ್ದ ಕವಚದ ಮೇಲೆ ಕೊಡಗಟ್ಟಲೆ ನೀರು ಸುರಿಯಬಾರದು. ಬೀಡು ಕಬ್ಬಿಣ ಬಿರಿಯುವ ಸಂಭವವಿದೆ. ಸದ್ದು ಅಥವಾ ಸೋರಿಕೆ ಇದ್ದಲ್ಲಿ ಹೊರೆಯೊಡನೆ ಮುಂದುವರಿಯದೆ ಬೇರೆ ಟ್ರ್ಯಾಕ್ಟರ್ ತರಿಸುವುದು ಒಳಿತು.

ಹಂಗಾಮಿನ ದಿನಚರಿ

ಬೆಳಗ್ಗೆ: ಎಣ್ಣೆಯ ಮಟ್ಟ, ಸೋರಿಕೆ, ಟೈರಿನ ಗಾಳಿ ನೋಡುವುದು, ರವದಿ ಮತ್ತು ಮಣ್ಣು ತೆಗೆಯುವುದು, ಎರಡು ಬ್ರೇಕ್ ಪೆಡಲುಗಳನ್ನು ಕೂಡಿಸಿ ಕೊಂಡಿ ಹಾಕುವುದು.

ಹೊಲದಿಂದ ಹೊರಬಂದಾಗ: ಮುಂದಿನ ಚಾಲನೆ ಮತ್ತು ಡಿಫರೆನ್ಷಿಯಲ್ ಲಾಕ್ ಬಿಡಿಸುವುದು.

ದಾರಿಯಲ್ಲಿ: ಏರಿಗೆ ಮೊದಲೇ ಕೆಳಗಿನ ಗೇರು; ಇಳಿಜಾರಿನಲ್ಲಿ ಅದೇ ಗೇರು.

ಕಾರ್ಖಾನೆಯ ಸರದಿಯಲ್ಲಿ: ಕವಚದ ಬಿಸಿ ಪರೀಕ್ಷಿಸುವುದು.

ವಾರಕ್ಕೊಮ್ಮೆ: ಬ್ರೀದರ್ ತೊಳೆಯುವುದು, ಮುಂದಿನ ಅಚ್ಚಿನ ಎಣ್ಣೆ ನೋಡುವುದು.

ವಿಸ್ತರಣಾ ಕಾರ್ಯಕರ್ತರು ಹಂಗಾಮಿಗೆ ಮೊದಲು ಹಳ್ಳಿಯ ಟ್ರ್ಯಾಕ್ಟರ್ ಚಾಲಕರನ್ನು ಒಂದೆಡೆ ಸೇರಿಸಿ ಗಾಲಿಯ ಸುತ್ತು ಎಣಿಸುವ ಪರೀಕ್ಷೆಯನ್ನೂ ನೀರಿನ ಹನಿಯ ಪರೀಕ್ಷೆಯನ್ನೂ ಪ್ರತ್ಯಕ್ಷವಾಗಿ ತೋರಿಸಬಹುದು. ಟ್ರ್ಯಾಕ್ಟರಿನ ಮಾಲೀಕ ಒಬ್ಬ, ಓಡಿಸುವವನು ಇನ್ನೊಬ್ಬನಾಗಿರುವುದೇ ಹೆಚ್ಚು. ಆದುದರಿಂದ ಈ ತಿಳಿವಳಿಕೆ ಇಬ್ಬರಿಗೂ ಮುಟ್ಟಬೇಕು. ಖೇಪುಗಳ ಸಂಖ್ಯೆಗೆ ತಕ್ಕಂತೆ ಕೂಲಿ ಪಡೆಯುವ ಚಾಲಕ ಅವಸರದಲ್ಲಿರುತ್ತಾನೆ. ಬೆಳಗಿನ ಹತ್ತು ನಿಮಿಷದ ತಪಾಸಣೆಯ ಕೂಲಿಯನ್ನೂ ಮಾಲೀಕರು ಲೆಕ್ಕಕ್ಕೆ ಹಿಡಿದರೆ ಅವನು ಅದನ್ನು ತಪ್ಪದೆ ಮಾಡುತ್ತಾನೆ. ಹಂಗಾಮಿನ ಕೊನೆಯ ಖೇಪಿನವರೆಗೂ ಟ್ರ್ಯಾಕ್ಟರ್ ದಾರಿಯಲ್ಲಿ ನಿಲ್ಲದೆ ಓಡಬೇಕಾದರೆ ಈ ಹತ್ತು ನಿಮಿಷ ಉಳಿಸಬಾರದ ಖರ್ಚು.